ಕೂರಸ್‌ಗೆ ಹೋಗುವವರು ಇಡೀ ದಿನ ಇಟ್ಟುಕೊಳ್ಳಿ

ಅಕ್ಷರ ನೋಡಿದರೆ ‘ಕಲ್‌ರಾಸ್’ ಎಂದು ಓದಬೇಕೆನಿಸುವ ಈ ಊರನ್ನು ಅಲ್ಲಿಯ ಜನ ‘ಕೂರಸ್’ ಎನ್ನುತ್ತಾರೆ. ಬಸ್ ಹತ್ತುವಾಗ ನೀವೂ ಹಾಗೆಯೇ ಹೇಳಿ. ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದಲ್ಲಿ, ಫೋರ್ತ್ ಅಳಿವೆಯ ಉತ್ತರ ದಡದಲ್ಲಿದೆ ಈ ಪುಟ್ಟ ಊರು. ಊರಿಗೆ ರೈಲು ನಿಲ್ದಾಣವಿಲ್ಲ. ಜೂನ್ ತಿಂಗಳಲ್ಲಿ ಅಮ್ಮ ಮತ್ತು ನಾನು ಎಡಿನ್‌ಬರೋದಿಂದ ಡನ್‌ಫರ್ಮ್ಲಿನ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ ಹಿಡಿದೆವು. 1890ರ ಕೆಂಪು ಫೋರ್ತ್ ಸೇತುವೆಯನ್ನು ಈ ರೈಲು ದಾಟುತ್ತದೆ. ಕಿಟಕಿ ಪಕ್ಕದ ಆಸನ ಬಿಡಬೇಡಿ. ಡನ್‌ಫರ್ಮ್ಲಿನ್‌ನಲ್ಲಿ ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ನಡುವೆ ಸ್ವಲ್ಪ ನಡಿಗೆಯಿದೆ. ಭಾನುವಾರ ಬಸ್ಸುಗಳು ಕಡಿಮೆ, ಆದ್ದರಿಂದ ವಾರದ ದಿನವೇ ಹೋಗುವುದು ವಾಸಿ.

ಬಹಳಷ್ಟು ಜನ ಇಲ್ಲಿ ಒಂದು ಗಂಟೆ ನಿಂತು, ಫೋಟೋ ತೆಗೆದು, ಹೊರಟುಬಿಡುತ್ತಾರೆ. ಟಿವಿ ಧಾರಾವಾಹಿಯ ಚಿತ್ರೀಕರಣ ನಡೆದ ಮೇಲಂತೂ ಇದು ಹೆಚ್ಚಾಗಿದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಇದು ನೋಟಕ್ಕಾಗಿ ಕಟ್ಟಿದ ಊರಲ್ಲ. ಕಲ್ಲಿದ್ದಲು, ಉಪ್ಪು ಮತ್ತು ಕಾವಲಿ ಮಾರಿ ಬದುಕಿದ ದುಡಿಮೆಗಾರರ ಊರು.

ಹೌದು, ಕಾವಲಿ! ಇಲ್ಲಿ ‘ಅರಮನೆ’ ಎಂದು ಕರೆಯುವ ಹಳೆಯ ದೊಡ್ಡ ಮನೆಯ ಅಡುಗೆಮನೆಯಲ್ಲಿ ಅಮ್ಮ ಒಂದು ಕಬ್ಬಿಣದ ತಟ್ಟೆಯ ಮುಂದೆ ನಿಂತವಳು ಕದಲಲೇ ಇಲ್ಲ. “ದೋಸೆ ಕಾವಲಿಗೆ ಬಕೆಟ್ಟಿನ ಹಿಡಿ ಹಾಕಿದ ಹಾಗಿದೆ, ನೋಡು” ಎಂದಳು. ಅದರ ಹೆಸರು ಗರ್ಡ್‌ಲ್. ದುಂಡಗೆ, ಚಪ್ಪಟೆಯಾಗಿ, ಒಲೆಯ ಮೇಲಿನ ಕೊಕ್ಕೆಗೆ ತೂಗುಹಾಕಲು ಕಮಾನಿನಂಥ ಹಿಡಿ. ಇದರ ಮೇಲೆ ಓಟ್ಸ್ ಹಿಟ್ಟಿನ ತೆಳು ರೊಟ್ಟಿ ಬೇಯಿಸುತ್ತಿದ್ದರು. ಈ ಕಾವಲಿಗಳನ್ನು ಮಾಡುವ ಹಕ್ಕನ್ನು ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ದೊರೆ 1599ರಲ್ಲಿ ಕೂರಸ್‌ನ ಕಮ್ಮಾರರಿಗೇ ಕೊಟ್ಟಿದ್ದ. ಮುಂದೆ ಹದಿನೆಂಟನೆಯ ಶತಮಾನದಲ್ಲಿ ಕ್ಯಾರನ್ ಕಾರ್ಖಾನೆಯ ಎರಕದ ಕಬ್ಬಿಣ ಅಗ್ಗವಾಗಿ ಬಂದ ಮೇಲೆ ಸುತ್ತಿಗೆಯಿಂದ ಬಡಿದು ಮಾಡುವ ಕಸುಬು ಸೊರಗಿತು. ಗುಡ್ಡದ ಮೇಲಿನ ಚರ್ಚಿನ ಅಂಗಳದಲ್ಲಿ ಹಳೆಯ ಗೋರಿಕಲ್ಲುಗಳ ಮೇಲೆ ಆ ಕಮ್ಮಾರರ ಕಿರೀಟ ತೊಟ್ಟ ಸುತ್ತಿಗೆಯ ಗುರುತನ್ನು ಹುಡುಕಿ ನೋಡಿ.

ಅರಿಶಿನ ಬಣ್ಣದ ಆ ‘ಅರಮನೆ’ಯನ್ನು ಕಟ್ಟಿಸಿದ್ದು ರಾಜನಲ್ಲ, ಸರ್ ಜಾರ್ಜ್ ಬ್ರೂಸ್ ಎಂಬ ವ್ಯಾಪಾರಿ. 1597ರಿಂದ 1611ರವರೆಗೆ ಹಂತಹಂತವಾಗಿ ಎದ್ದ ಮನೆ ಇದು. ಕಡಲಿನ ಅಡಿಯಲ್ಲಿ ಕಲ್ಲಿದ್ದಲು ತೆಗೆದು ಸಂಪಾದಿಸಿದ ಹಣದಿಂದ ಕಟ್ಟಿದ್ದು. ಗಣಿಗೆ ನುಗ್ಗುವ ನೀರನ್ನು ಕುದುರೆಗಳು ತಿರುಗಿಸುವ ಬಕೆಟ್ಟುಗಳ ಸರಪಳಿಯಿಂದ ಎತ್ತಿಸುತ್ತಿದ್ದ. 1617ರಲ್ಲಿ ಗಣಿ ನೋಡಲು ಇಳಿದ ಅದೇ ಜೇಮ್ಸ್ ದೊರೆ, ಗಣಿಯ ಇನ್ನೊಂದು ಬಾಯಿಂದ ಮೇಲೆ ಬಂದಾಗ ಸುತ್ತಲೂ ಸಮುದ್ರ ಕಂಡು “ದ್ರೋಹ!” ಎಂದು ಕೂಗಿಕೊಂಡನೆಂಬ ಕಥೆಯಿದೆ. 1625ರ ಬಿರುಗಾಳಿ ಆ ಗಣಿಯನ್ನೇ ಮುಳುಗಿಸಿತು. ಮನೆ ಉಳಿಯಿತು, 1932ರಲ್ಲಿ ಹಳೆಯ ತಾಣಗಳನ್ನು ಕಾಪಾಡುವ ‘ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್’ ಸಂಸ್ಥೆ ಅದನ್ನು 700 ಪೌಂಡಿಗೆ ಕೊಂಡಿತು. ಒಳಗೆ ಹೋದರೆ ತಲೆ ಎತ್ತಿ ನೋಡುವುದನ್ನು ಮರೆಯಬೇಡಿ: ಮರದ ಒಳಚಾವಣಿಯಲ್ಲಿ ಆ ಕಾಲದ ಚಿತ್ರಗಳಿವೆ. ಚಳಿಗಾಲದಲ್ಲಿ ಅರಮನೆ ಮುಚ್ಚಿರಬಹುದು. ತೆರೆಯುವ ದಿನಗಳನ್ನು ಮೊದಲೇ ನೋಡಿಕೊಂಡು ಟಿಕೆಟ್ ತೆಗೆದುಕೊಳ್ಳಿ.

ಚಪ್ಪಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಓಣಿಗಳಿಗೆಲ್ಲ ಉರುಟು ಕಲ್ಲು ಹಾಸಿದ್ದಾರೆ, ಮಳೆ ಬಿದ್ದರೆ ಪಾಚಿಯಂತೆ ಜಾರುತ್ತದೆ. ಹಿಂದೆ ಓಣಿಯ ನಡುವಿನ ಎತ್ತರದ ಕಲ್ಲಿನ ಸಾಲು ದೊಡ್ಡವರಿಗೆ, ಅಕ್ಕಪಕ್ಕದ ಕೊಚ್ಚೆ ಉಳಿದವರಿಗೆ. ಮಂಡಿನೋವಿನ ಅಮ್ಮ ಆ ನಡುಸಾಲಿನ ಮೇಲೆಯೇ ನನ್ನ ಕೈ ಹಿಡಿದು ನಿಧಾನವಾಗಿ ಹತ್ತಿದಳು. ಹಿಡಿತವಿರುವ ಶೂ ಇಲ್ಲದೆ ಹಿರಿಯರನ್ನು ಇಲ್ಲಿಗೆ ಕರೆತರಬೇಡಿ.

ಗುಡ್ಡದ ಮೇಲಿರುವುದು 1217ರಲ್ಲಿ ಸ್ಥಾಪನೆಯಾದ ಮಠದ ಅವಶೇಷ. ಪಕ್ಕದ ಚರ್ಚಿನಲ್ಲಿ ಬ್ರೂಸ್ ದಂಪತಿಯ ಸಮಾಧಿ, ಅದರ ಮುಂದೆ ಮಂಡಿಯೂರಿದ ಎಂಟು ಮಕ್ಕಳ ಪುಟ್ಟ ಶಿಲ್ಪಗಳು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಾವು ಬಹಳ ಹೊತ್ತು ನಿಂತಿದ್ದೆವು.

ಕೆಳಗೆ, 1626ರ ಟೌನ್ ಹೌಸ್, ಅಂದರೆ ಹಳೆಯ ಪುರಸಭೆಯ ಕಟ್ಟಡದ ಮುಂದೆ ಮಾತ್ರ ನನ್ನ ಮನಸ್ಸು ಭಾರವಾಯಿತು. ಮಾಟಗಾತಿಯರೆಂದು ಆರೋಪ ಹೊತ್ತ ಹೆಂಗಸರನ್ನು ಅದರ ಅಟ್ಟದಲ್ಲಿ ಕೂಡಿಹಾಕುತ್ತಿದ್ದರು. ಅವರ ನೆನಪಿಗೆ 2019ರಲ್ಲಿ ಕರಾವಳಿ ಹಾದಿಯಲ್ಲಿ ಕಂಚಿನ ಫಲಕ ಹಾಕಿದ್ದಾರೆ. ಅದನ್ನು ನೋಡದೆ ಬರಬೇಡಿ.

ಊಟಕ್ಕೆ ಸಣ್ಣ ಚಹಾದಂಗಡಿಗಳಿವೆ, ಆದರೆ ಸಂಜೆಗೆ ಬೇಗ ಮುಚ್ಚುತ್ತವೆ. ಸಸ್ಯಾಹಾರಿಗಳು ಸೂಪ್ ಕೇಳುವಾಗ ಮಾಂಸದ ರಸ ಹಾಕಿದ್ದಾರೆಯೇ ಎಂದು ವಿಚಾರಿಸಿ. ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು. ದಡದ ಬೆಂಚಿನ ಮೇಲೆ ಕುಳಿತು ತಿಂದೆವು. ಎದುರು ದಡದಲ್ಲಿ ಗ್ರೇಂಜ್‌ಮೌತ್‌ನ ಕಾರ್ಖಾನೆಗಳ ಚಿಮಣಿಗಳು ಕಾಣುತ್ತಿದ್ದವು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಬಸ್ ಇಳಿದ ಕೂಡಲೇ ತಂಗುದಾಣದ ವೇಳಾಪಟ್ಟಿಯ ಫೋಟೋ ತೆಗೆದುಕೊಂಡು, ಕೊನೆಯ ಬಸ್ಸಿಗೆ ಬದಲು ಅದರ ಹಿಂದಿನದಕ್ಕೇ ಹೊರಡಿ.