ನೀರಿನ ಜಾಡು ಹಿಡಿದು ಒಂದು ದಿನ

ಮಂಡ್ಯದಿಂದ ಮಳವಳ್ಳಿ ಕಡೆಗೆ ನಾನು ನೂರು ಸಲ ಹೋಗಿರಬಹುದು. ಮದುವೆಗೆ, ತಿಥಿಗೆ, ಹಬ್ಬಕ್ಕೆ. ನೀರು ನೋಡಲೆಂದೇ ಹೋಗಿದ್ದು ಇದೇ ಮೊದಲು. ಅದೂ ನನಗೆ ಹೊಳೆದದ್ದಲ್ಲ. ಅಕ್ಕನ ಮಗ ಬೆಂಗಳೂರಿನ ಮಹದೇವಪುರದ ಕಡೆ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಾನೆ. ಪಿತೃಪಕ್ಷದ ಎಡೆಗೆಂದು ಊರಿಗೆ ಹೊರಟವನು ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದ. ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಮಾವ, ಬೆಂಗ್ಳೂರಿಗೆ ನೀರು ನಮ್ ತಾಲ್ಲೂಕಿಂದ್ಲೇ ಹೋಯ್ತದಂತಲ್ಲ, ತೋರ್ಸು ನಡಿ" ಅಂದ. ಊರಲ್ಲಿ ಹುಟ್ಟಿ ಬೆಳೆದ ಹುಡುಗ, ಅದನ್ನು ಕೇಳಿಸಿಕೊಂಡದ್ದು ಬೆಂಗಳೂರಿನಲ್ಲಿ!

ಬೈಕ್ ತೆಗೆದೆವು. ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ಇದ್ದರೂ ಹತ್ತುವ ಹಾಗಿಲ್ಲ. 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲಾ ಸರ್ವಿಸ್ ರಸ್ತೆಗೇ. ಜೋರಾಗಿ ಹೋಗುವ ದಾರಿಯಲ್ಲಿ ಬೈಕಿಗೆ ಅಪಾಯ ಜಾಸ್ತಿ, ನಿಜ. ಆದರೆ ಈ ರಸ್ತೆಗೆ ಜಮೀನು ಬಿಟ್ಟುಕೊಟ್ಟವರಲ್ಲಿ ಕಾರು ಇರುವವರು ಎಷ್ಟು ಜನವೋ! ಮದ್ದೂರಿನಲ್ಲಿ ತಲಾ ಎರಡು ವಡೆ ತಿಂದು ಮಳವಳ್ಳಿ ರಸ್ತೆಗೆ ತಿರುಗಿದೆವು.

ಕೆ.ಎಂ. ದೊಡ್ಡಿ ದಾಟಿದ ಮೇಲೆ ಒಂದು ತೂಬಿನ ಹತ್ತಿರ ಬೈಕ್ ನಿಲ್ಲಿಸಿದೆ. ವಿಶ್ವೇಶ್ವರಯ್ಯ ನಾಲೆ ಹುಟ್ಟುವುದು ಕೆ.ಆರ್.ಎಸ್.ನಲ್ಲಿ. ಮದ್ದೂರು, ಮಳವಳ್ಳಿಗೆ ಬರುವಷ್ಟರಲ್ಲಿ ಅದು ಕೊನೆ ಭಾಗ. ಕಟ್ಟು ನೀರು, ಅಂದರೆ ಸರದಿ ಪ್ರಕಾರ ನೀರು ಬಿಟ್ಟಾಗ ಮೇಲಿನವರ ಗದ್ದೆ ಕುಡಿದು ಮಿಕ್ಕಿದ್ದು ಇಲ್ಲಿಗೆ. ಬದುವಿನ ಮೇಲೆ ಬೀಡಿ ಸೇದುತ್ತಾ ಕೂತಿದ್ದ ಯಜಮಾನರೊಬ್ಬರನ್ನು ಮಾತಾಡಿಸಿದೆ. "ಈ ಸಲ ವಾಸಿ ಕಣಪ್ಪ. ಎರಡು ವರ್ಸದ ಹಿಂದೆ ನಾಲೇಲಿ ಕರ ಆಡ್ಕೊಂಡಿತ್ತು" ಅಂದರು. ನೀರು ಟಿ.ಕೆ. ಹಳ್ಳಿಯಿಂದ ಬೆಂಗಳೂರಿಗೆ ಹೋಗುತ್ತದಲ್ಲ, ಬೇಜಾರಿಲ್ಲವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ ಮಗ್ಳು ಅಲ್ಲೇ ಅವ್ಳೆ" ಅಂದರು. ಮುಂದೆ ಕೇಳಲು ನನಗೆ ಏನೂ ಉಳಿಯಲಿಲ್ಲ.

ಟಿ.ಕೆ. ಹಳ್ಳಿ ಅಂದರೆ ತೊರೆಕಾಡನಹಳ್ಳಿ. ಕನಕಪುರ ರಸ್ತೆಯಲ್ಲಿದೆ. ಪಂಪ್‌ಹೌಸಿನ ಒಳಗೆ ಬಿಡಲಿಲ್ಲ, ಬಿಡುತ್ತಾರೆ ಅಂತ ನಾನೂ ಅಂದುಕೊಂಡಿರಲಿಲ್ಲ. ಬೇಲಿಯಾಚೆ ಕಾಣುವ ಕೊಳವೆಗಳೇ ಸಾಕು. ಆಳು ಒಳಗೆ ನಿಂತು ನಡೆಯಬಹುದು, ಅಷ್ಟು ದಪ್ಪ. ಶಿವನಸಮುದ್ರದ ಹತ್ತಿರ ಕಾವೇರಿಯಿಂದ ತಿರುಗಿಸಿದ ನೀರು ಇಲ್ಲಿಗೆ ಬಂದು ಶುದ್ಧವಾಗುತ್ತದೆ. ಆಮೇಲೆ ಇಲ್ಲಿ ಒಂದು ಸಲ, ಹಾರೋಹಳ್ಳಿಯಲ್ಲಿ ಒಂದು ಸಲ, ತಾತಗುಣಿಯಲ್ಲಿ ಮತ್ತೊಂದು ಸಲ ಪಂಪ್ ಮಾಡಿ ಮೇಲಕ್ಕೆ ಎತ್ತುತ್ತಾರೆ. ಸುಮಾರು 100 ಕಿಲೋಮೀಟರ್ ದಾರಿ, ಅದೂ ಏರು. ಹಗಲೂ ರಾತ್ರಿ ಕರೆಂಟ್ ಸುಟ್ಟು ನಡೆಸುವ ಕೆಲಸ ಇದು. ಈ ಯೋಜನೆಯ ಮೊದಲ ಹಂತ ಶುರುವಾದದ್ದು 1974ರಲ್ಲಿ. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಅಂತ.

"ನಾನಿರೋದೂ ಆ 110ರಲ್ಲೇ" ಅಂದ ಹುಡುಗ. ಅವನಿಗೆ ಅದೊಂಥರ ಹೆಮ್ಮೆ. ಹಾಗಾದರೆ ಕಾವೇರಿ ನೀರು ಬರುತ್ತಲ್ವಾ ಅಂದೆ. ಬೀದಿಗೆ ಪೈಪ್ ಬಂದಿದೆಯಂತೆ, ಮನೆಗೆ ಬಂದಿಲ್ಲ. ಕನೆಕ್ಷನ್‌ಗೆ ಕಟ್ಟುವ ದುಡ್ಡು ಜಾಸ್ತಿ ಅಂತ ಓನರ್ ಮುಂದಕ್ಕೆ ಹಾಕುತ್ತಲೇ ಇದ್ದಾರೆ. ಬೋರು ಬತ್ತಿದೆ. ಹನ್ನೆರಡು ರೂಮಿಗೆ ಸೇರಿ ಟ್ಯಾಂಕರ್ ಹಾಕಿಸುತ್ತಾರೆ, ದುಡ್ಡು ಬಾಡಿಗೆಯ ಜೊತೆ. ಕುಡಿಯಲು ಬೇರೆ ಕ್ಯಾನ್.

ಅಲ್ಲೇ ಹೊಂಗೆ ಮರದ ಕೆಳಗೆ ನಿಂತು ಲೆಕ್ಕ ಹಾಕಿದೆವು. 2024ರ ಬೇಸಿಗೆಯಲ್ಲಿ ಬೆಂಗಳೂರು ಬಾಯಾರಿ ಕೂತಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಅಂದರೆ ಸಾವಿರ ಲೀಟರಿಗೆ 83 ರೂಪಾಯಿ. ಅದೇ ವರ್ಷ ನಲ್ಲಿ ಇರುವ ಮನೆಗೆ ಮೊದಲ 8,000 ಲೀಟರ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿ. 2014ರಲ್ಲಿ ನಿಗದಿಯಾದ ಆ ದರ 11 ವರ್ಷ ಹಾಗೇ ನಡೆಯಿತು. ಹಳೇ ಬಡಾವಣೆಯ ಸ್ವಂತ ಮನೆಯವರಿಗೆ ಏಳು, ರೂಮಿನಲ್ಲಿರುವ ವಾಚ್‌ಮನ್‌ಗೆ ಎಂಬತ್ತಮೂರು. "ನಮ್ ಹೊಳೆ ನೀರ್ಗೆ ನಾನ್ಯಾಕ್ ಮಾವ ಕಾಯ್ಬೇಕು?" ಅಂದ. ತಮಾಷೆಗೇ ಅಂದದ್ದು, ಆದರೆ ನಗಲಿಲ್ಲ.

ನೀರು ಕೊಡಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕುಡಿಯುವ ನೀರಿಗೆ ಯಾರೂ ಅಡ್ಡ ಬರಬಾರದು. ನನ್ನ ತಕರಾರು ಬೇರೆ. ಇಷ್ಟು ದೂರ ಹೊತ್ತುಕೊಂಡು ಹೋದ ಮೇಲೆ ಅಲ್ಲಿ ಹಂಚುವುದು ಹೀಗೇನಾ? ಇನ್ನೊಂದು ವಿಷಯ. ಆ ಊರಿನ ಕೊಳಚೆಯಲ್ಲಿ ಒಂದು ಪಾಲು ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬರುತ್ತದೆ. ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕುಡಿಸಿತ್ತು. ಹತ್ತಿರದ ಹೊಳೆಯನ್ನು ಕೆಡಿಸಿಕೊಂಡವರು ದೂರದ ಹೊಳೆಯನ್ನು ಎಷ್ಟು ದಿನ ಎತ್ತುತ್ತಾರೆ, ನೋಡಬೇಕು.

ಅಲ್ಲಿಂದ ಗಗನಚುಕ್ಕಿಗೆ ಹೋದೆವು. ನೀರು ಚೆನ್ನಾಗಿತ್ತು, ಹನಿ ಮುಖಕ್ಕೆ ಬೀಳುತ್ತಿತ್ತು. ಕೆಳಗೆ ಶಿವನಸಮುದ್ರದ ವಿದ್ಯುತ್ ಕೇಂದ್ರ. 1902ರಲ್ಲಿ ಇಲ್ಲಿನ ಕರೆಂಟ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ನಮ್ಮಜ್ಜಿ ಮದುವೆಯಾಗಿ ಬಂದಾಗಲೂ ಇಲ್ಲೇ ಪಕ್ಕದ ಅವರ ಊರಿನಲ್ಲಿ ಸೀಮೆಎಣ್ಣೆ ಬುಡ್ಡಿಯೇ. ಹುಡುಗ ಅದನ್ನೆಲ್ಲ ಕೇಳಿಸಿಕೊಂಡನೋ ಇಲ್ಲವೋ, ಸೆಲ್ಫಿ ತೆಗೆಯುತ್ತಿದ್ದ.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಎಡೆ. ಮಟನ್ ಸಾರು, ಮುದ್ದೆ, ಕಜ್ಜಾಯ. ಕೈ ತೊಳೆಯಲು ಡ್ರಮ್ಮಿನ ನೀರು. ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುತ್ತದೆ, ಇವತ್ತು ಬಾರದ ದಿನ.

ಸಂಜೆ ಅವನನ್ನು ಮಳವಳ್ಳಿಯಲ್ಲಿ ಬೆಂಗಳೂರು ಬಸ್ಸಿಗೆ ಹತ್ತಿಸಿದೆ. ಕನಕಪುರದ ಮೇಲೆ ಹೋಗುವ ಬಸ್ಸು. ನೀರು ಹೋಗುವುದೂ ಅದೇ ದಿಕ್ಕಿಗೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ.

"ಮಾವ, ರೂಮ್ ಸೇರ್ಕೊಂಡೆ."

"ನೀರು?"

"ಇನ್ನೂ ಇಲ್ಲ. ಟ್ಯಾಂಕರ್‌ಗೆ ಹೇಳವ್ರಂತೆ."