ಲಾರಿ ಗಾಡಿ ಹೋದ ಮೇಲೆ

ಕಳೆದ ಜುಲೈ ತಿಂಗಳಲ್ಲಿ ಹಾರವಾಡದ ನೆಂಟರ ಮನೆಯಲ್ಲಿ ಊಟ ಮುಗಿಸಿ, ಕುಮಟೆಗೆ ಹೋಗುವ ಪ್ಯಾಸೆಂಜರ್ ಗಾಡಿ ಹಿಡಿಯಲೆಂದು ನಾನು ಅಲ್ಲಿಯ ರೈಲು ನಿಲ್ದಾಣಕ್ಕೆ ಬಂದಾಗ ಮಳೆ ತುಸು ಹೊಳವಾಗಿತ್ತು. ಕಾರವಾರಕ್ಕೂ ಅಂಕೋಲೆಗೂ ನಡುವೆ, ಗುಡ್ಡದ ಮಗ್ಗುಲಲ್ಲಿರುವ ಈ ಪುಟ್ಟ ನಿಲ್ದಾಣದಲ್ಲಿ ದೂರದ ಊರುಗಳ ದೊಡ್ಡ ಗಾಡಿಗಳು ನಿಲ್ಲುವುದಿಲ್ಲ. ಅವು ಸದ್ದು ಮಾಡಿ ಹೋದ ಮೇಲೆ ಉಳಿಯುವುದು ಕಪ್ಪೆಗಳ ಕೂಗು ಮತ್ತು ಉಪ್ಪು ಬೆರೆತ ಗಾಳಿ.

ಬೆಂಚಿನ ಮೇಲೆ ನನ್ನನ್ನು ಬಿಟ್ಟರೆ ಇದ್ದವರು ಒಬ್ಬ ವಯಸ್ಸಾದ ಹೆಂಗಸು ಮಾತ್ರ. ಅವರ ಕಾಲ ಬಳಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಹಗ್ಗ ಬಿಗಿದ ಬುಟ್ಟಿಯಿತ್ತು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಿರುವುದರಿಂದ ಅದರಲ್ಲಿ ಹಸಿ ಮೀನು ಇರಲಿಕ್ಕಿಲ್ಲ ಎಂದು ನಾನು ಊಹಿಸುವ ಮೊದಲೇ ಒಣ ಮೀನಿನ ವಾಸನೆ ಉತ್ತರ ಹೇಳಿತ್ತು.

ಗಾಡಿಯ ಹೊತ್ತು ಮೀರಿ ಅರ್ಧ ಗಂಟೆಯಾಯಿತು. ಮೊಬೈಲಿನಲ್ಲಿ ನೋಡಿದರೆ ಅದು ಇನ್ನೂ ಕಾರವಾರದಲ್ಲೇ ನಿಂತಿತ್ತು. ನಾನು ಮೂರನೆಯ ಸಲ ಎದ್ದು ಹಳಿಯತ್ತ ಬಗ್ಗಿದಾಗ ಅವರು, "ಎಂತಕ್ಕೆ ಗಡಿಬಿಡಿ ತಮ್ಮಾ? ಲಾರಿ ಗಾಡಿ ಹೋಗ್ಲಿ, ಆಮೇಲೆ ನಮ್ದು ಬತ್ತದೆ" ಎಂದರು.

ಅವರ ಮಾತಿನಲ್ಲಿ ಈ ಮಾರ್ಗದ ಗುಟ್ಟೇ ಅಡಗಿತ್ತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ಣವಾಗಿ ತೆರೆದುಕೊಂಡಿತು. 2022ರಲ್ಲಿ ವಿದ್ಯುದೀಕರಣವೂ ಮುಗಿಯಿತು. ಆದರೂ ಬಹುಪಾಲು ಹಾದಿಯಲ್ಲಿ ಇಂದಿಗೂ ಇರುವುದು ಒಂದೇ ಜೋಡಿ ಹಳಿ. ಎದುರು ಬದುರು ಬರುವ ಎರಡು ಗಾಡಿಗಳ ಪೈಕಿ ಒಂದು ಯಾವುದಾದರೂ ನಿಲ್ದಾಣದ ಪಕ್ಕದ ಹಳಿಗೆ ಸರಿದು ಇನ್ನೊಂದಕ್ಕೆ ದಾರಿ ಬಿಡಬೇಕು, ಹಾಗೆ ಸರಿಯುವ ಪಾಳಿ ಹೆಚ್ಚಾಗಿ ಬರುವುದು ಪ್ಯಾಸೆಂಜರಿಗೇ. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗಗಳಲ್ಲಿ ಮಣ್ಣು ಜರಿಯುವ ಭಯವಿರುವುದರಿಂದ ಬೇರೆಯೇ ವೇಳಾಪಟ್ಟಿ ಜಾರಿಯಲ್ಲಿರುತ್ತದೆ. ಜೋರು ಮಳೆಗೆ ಮುಂದಿನ ದಾರಿ ಕಾಣದಾದರೆ ಗಂಟೆಗೆ 40 ಕಿಲೋಮೀಟರ್ ಮೀರಿ ಓಡಿಸಬಾರದೆಂದು ಚಾಲಕರಿಗೆ ಸೂಚನೆಯಿದೆ. ಇದೆಲ್ಲ ನನಗೆ ಓದಿ ತಿಳಿದದ್ದು. ಅವರಿಗೆ ಬೆಂಚಿನ ಮೇಲೆ ಕೂತೇ ತಿಳಿದಿತ್ತು.

ಸ್ವಲ್ಪ ಹೊತ್ತಿಗೆ ಅಂಕೋಲೆಯ ಕಡೆಯಿಂದ ಹಳಿ ಗುನುಗತೊಡಗಿತು. ಬಂದದ್ದು ನಿಜಕ್ಕೂ ಲಾರಿಗಳ ಗಾಡಿಯೇ: ಚಪ್ಪಟೆ ವ್ಯಾಗನ್ನುಗಳ ಮೇಲೆ ಒಂದರ ಹಿಂದೊಂದು ಸರಕು ತುಂಬಿದ ಲಾರಿಗಳು, ಸುರತ್ಕಲ್ಲಿನಲ್ಲಿ ಏರಿ ಮಹಾರಾಷ್ಟ್ರದ ಕೋಲಾಡಿನಲ್ಲಿ ಇಳಿಯುವಂಥವು. 1999ರಲ್ಲಿ ಕೋಲಾಡ್ ಮತ್ತು ಗೋವೆಯ ವೆರ್ಣಾ ನಡುವೆ ಆರಂಭವಾದ ಈ ವ್ಯವಸ್ಥೆಯಲ್ಲಿ ಚಾಲಕರು ತಮ್ಮ ತಮ್ಮ ಲಾರಿಗಳಲ್ಲೇ ಇರುತ್ತಾರೆ. ಘಟ್ಟದ ತಿರುವುಗಳಲ್ಲಿ ಉಸಿರು ಬಿಗಿಹಿಡಿದು ಸ್ಟಿಯರಿಂಗ್ ತಿರುಗಿಸುವ ಅದೇ ಮನುಷ್ಯ ಇಲ್ಲಿ ಕೈಕಟ್ಟಿ ಕುಳಿತು ಪ್ರಯಾಣಿಕನಾಗಿರುವುದನ್ನು ನೋಡಲು ನನಗೆ ಯಾಕೋ ಬಹಳ ಹಿತವೆನಿಸಿತು. ಒಂದು ಲಾರಿಯ ಕನ್ನಡಿಗೆ ಕಟ್ಟಿದ್ದ ನೀಲಿ ಚೌಕಳಿ ಲುಂಗಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಇನ್ನೊಂದರಲ್ಲಿ ಚಾಲಕ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಸ್ಟೀಲು ತಟ್ಟೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಚಾಕು ಹಿಡಿದ ಕೈಯನ್ನೇ ಎತ್ತಿ ನಮ್ಮತ್ತ ಬೀಸಿದ. ಬುಟ್ಟಿಯ ಒಡತಿಯೂ ಪರಿಚಯದವರಿಗೆಂಬಂತೆ ಕೈ ಬೀಸಿದರು.

ಅದು ಕಾರವಾರ ಮುಟ್ಟಿ, ಅಲ್ಲಿಂದ ನಮ್ಮ ಗಾಡಿ ಹೊರಟು ಬರುವಷ್ಟರಲ್ಲಿ ಮತ್ತೊಂದು ಮಳೆ ಹೊಡೆದು ಹೋಯಿತು. ಬುಟ್ಟಿಯ ಒಂದು ಬದಿಗೆ ನಾನು ಕೈ ಕೊಟ್ಟೆ. ಬೋಗಿಯ ಬಾಗಿಲ ಬಳಿಯೇ ಅದನ್ನಿಟ್ಟು ಇಬ್ಬರೂ ಕುಳಿತೆವು. ಅಂಕೋಲೆಯಲ್ಲಿ ಗಾಡಿ ನಿಂತದ್ದು ಐದು ನಿಮಿಷ ಕಳೆದರೂ ಹೊರಡಲಿಲ್ಲ. ನಾನು ಕಿಟಕಿಯತ್ತ ಕತ್ತು ಚಾಚಿದೆ. ಅವರು ಹೊರಗೆ ನೋಡಲೂ ಇಲ್ಲ, ಎಲೆಗೆ ಸುಣ್ಣ ಸವರುತ್ತ, "ಮಂಗ್ಳೂರ ಬದಿಯದ್ದು ಬರೂಕದೆ, ಕೂತ್ಕ" ಎಂದರು.