ಎರಡು ವಿಲ್ಟನ್

ಅತ್ತೆ ಧಾರವಾಡದಿಂದ ಇಂಗ್ಲೆಂಡಿನ ಸ್ವಿಂಡನ್‌ನ ನಮ್ಮ ಮನೆಗೆ ಬಂದಿದ್ದಾಗಿನ ಮಾತು. ಲಂಡನ್ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ‘ವಿಲ್ಟನ್ ಕಾರ್ಪೆಟ್ ಹುಟ್ಟಿದ ಊರು ಇಲ್ಲೇ ನಮ್ಮ ಜಿಲ್ಲೆ ವಿಲ್ಟ್‌ಶೈರ್‌ನಲ್ಲಿದೆ’ ಅಂದಾಗ ಮಾತ್ರ ಕಿವಿ ನಿಮಿರಿತು. ಅವರ ತವರು ನವಲಗುಂದ. ಅಲ್ಲೂ ಊರಿನ ಹೆಸರೇ ಜಮಖಾನದ ಹೆಸರು, ನೇಯುವವರು ಹೆಂಗಸರು. ಪಗಡೆ ಹಾಸಿನ ಚಿತ್ರವಿರುವ ಒಂದು ಜಮಖಾನ ಅತ್ತೆಯ ಮದುವೆಯಿಂದಲೂ ಮನೆಯಲ್ಲಿದೆ.

ಭಾನುವಾರ ಮೊಬೈಲಿನಲ್ಲಿ ವಿಲ್ಟನ್ ಅಂತ ಹಾಕಿ, ಮೊದಲು ಬಂದದ್ದನ್ನೇ ಒತ್ತಿ ಹೊರಟೆ. ದಾರಿ ಸಣ್ಣದಾಗುತ್ತಾ ಹೋಯಿತು. ಕೊನೆಗೆ ಸಿಕ್ಕಿದ್ದು ಬಾತುಕೋಳಿಗಳ ಹೊಂಡ, ಹುಲ್ಲು ಹೊದಿಸಿದ ಮನೆಗಳು, ಒಂದು ಪಬ್. ದಿಬ್ಬದ ಮೇಲೆ ಇಟ್ಟಿಗೆಯ ಗಾಳಿಗಿರಣಿ.

“ಯವ್ವಾ, ಜಮಖಾನಿ ಎಲ್ಲೈತಿ? ಇದು ಹಿಟ್ಟಿನ ಗಿರಣಿ ಅಲ್ಲೇನು?”

ಗಿರಣಿ ತೋರಿಸುತ್ತಿದ್ದ ಹಿರಿಯರು ನಕ್ಕರು. ಕಾರ್ಪೆಟ್ಟಿನ ವಿಲ್ಟನ್ ಬೇರೆ, ಸಾಲ್ಸ್‌ಬರಿ ಪಕ್ಕದ್ದು, ಇನ್ನೂ ಒಂದು ಗಂಟೆ ಹೋಗಬೇಕಂತೆ. ವಿಲ್ಟ್‌ಶೈರ್‌ಗೆ ಹೆಸರು ಕೊಟ್ಟದ್ದೂ ಅದೇ ಊರು. ಇದು ಸುಮ್ನೆ ಒಂದು ಹಳ್ಳಿ.

ಬಂದದ್ದು ಬಂದಾಯ್ತು, ಒಳಗೆ ಹೋದೆವು. ಕೆನೆಟ್-ಏವನ್ ಕಾಲುವೆ ತೋಡಿದಾಗ ಇಲ್ಲಿನ ಹಳ್ಳದ ನೀರೆಲ್ಲ ಅದಕ್ಕೆ ಹೋಯಿತು, ನೀರುಗಿರಣಿಗಳು ನಿಂತವು. ಅದಕ್ಕೇ 1821ರಲ್ಲಿ ಇದನ್ನು ಕಟ್ಟಿದರು. ಐದು ಅಂತಸ್ತು. ಕಡಿದಾದ ಮರದ ಮೆಟ್ಟಿಲುಗಳನ್ನು ಅತ್ತೆ ಸೀರೆ ಎತ್ತಿ ಕಟ್ಟಿ ಹತ್ತಿಯೇ ಬಿಟ್ಟರು. ಗಾಳಿ ಚೆನ್ನಾಗಿತ್ತು. ಕಲ್ಲು ತಿರುಗಿದರೆ ನೆಲದ ಹಲಗೆ ನಡುಗುತ್ತಿತ್ತು. ಕೆಳಗೆ ಚೀಲಕ್ಕೆ ಬೀಳುತ್ತಿದ್ದ ಹಿಟ್ಟನ್ನು ಅತ್ತೆ ಚಿಟಿಕೆಯಷ್ಟು ತಗೊಂಡು, ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು. “ಬೆಚ್ಚಗೈತಿ. ತರಿ ಸ್ವಲ್ಪ ಜಾಸ್ತಿ ಆತು.” ನಾನು ಇದನ್ನು ಇಂಗ್ಲಿಷಿಗೆ ಹೇಳಲು ಹೋಗಲಿಲ್ಲ. ಗಿರಣಿಯ ಹಿರಿಯರೂ ಅದೇ ಹೆಬ್ಬೆರಳಲ್ಲೇ ನೋಡುತ್ತಿದ್ದರು, ಅರ್ಥವಾಗಿರಬೇಕು.

ಆ ಇನ್ನೊಂದು ವಿಲ್ಟನ್ ತಲುಪಿದಾಗ ಐದೂವರೆ. ಕಾರ್ಪೆಟ್ ಅಂಗಡಿ ಬಾಗಿಲು ಹಾಕಿತ್ತು. ದಾರಿಯುದ್ದಕ್ಕೂ ನಾನು ಕಥೆ ಹೇಳಿದ್ದೇ ಬಂತು. ಆಕ್ಸ್‌ಮಿನ್‌ಸ್ಟರ್ ಊರಿನ ಕಾರ್ಪೆಟ್ ಕಾರ್ಖಾನೆ ಮುಳುಗಿದಾಗ ಅದರ ಮಗ್ಗಗಳು 1835ರಲ್ಲಿ ಇಲ್ಲಿಗೆ ಬಂದವು, ಆಮೇಲೆ ‘ಆಕ್ಸ್‌ಮಿನ್‌ಸ್ಟರ್’ ನೇಯ್ದದ್ದೂ ವಿಲ್ಟನ್ನಿನಲ್ಲೇ. ಹೆಸರು ಒಂದೂರಿನದು, ಮಾಲು ಇನ್ನೊಂದೂರಿನದು!

ಅತ್ತೆ ಅಂಗಡಿಯ ಗಾಜಿಗೆ ಹಣೆ ಹಚ್ಚಿ ನೋಡಿದರು. ವಿಲ್ಟನ್ ನೇಯ್ಗೆಯಲ್ಲಿ ನೂಲನ್ನು ಕುಣಿಕೆ ಕುಣಿಕೆಯಾಗಿ ಎಬ್ಬಿಸಿ ಕತ್ತರಿಸುತ್ತಾರೆ, ಅದಕ್ಕೇ ಮಖಮಲ್ಲಿನ ಹಾಗೆ ನಿಲ್ಲುತ್ತದೆ.

“ಚಂದ ಐತಿ. ಆದರ ಇದನ್ನ ಜಾಡಸೂದು ಹೆಂಗ?”

ಗಿರಣಿಯಿಂದ ತಂದ ಹಿಟ್ಟಿನ ಚೀಲವನ್ನು ಮಾತ್ರ ಸ್ವಿಂಡನ್ ಬರುವವರೆಗೂ ಮಡಿಲಿಂದ ಇಳಿಸಲಿಲ್ಲ.